ಎಡಗಡೆ ಹಿಂದಿನ ಗಾಲಿ

ನನ್ನ ಬಾಯಿ ಸುಮಾರಿನದಲ್ಲ. ಯಾದಗಿರಿಯ ಭೀಮಾ ದಂಡೆಯಲ್ಲಿ ಅಯ್ಯಮ್ಮ ಎಂದರೆ ಜನಕ್ಕೆ ಮೀನಿಗಿಂತ ಮೊದಲು ನನ್ನ ಬಾಯಿಯೇ ನೆನಪಾಗುತ್ತದೆ. ಬೈದರೂ ಸುಳ್ಳೇ ಬೈದವಳಲ್ಲ ಎಂದು ಇಷ್ಟು ವರ್ಷ ಜಂಬ ಕೊಚ್ಚಿಕೊಂಡು ತಿರುಗುತ್ತಿದ್ದೆ. ಕಳೆದ ಜನವರಿಯಲ್ಲಿ ಆ ಜಂಬವನ್ನು ಶಹಾಪುರದ ಒಂದು ಗ್ಯಾರೇಜಿನಲ್ಲಿ ಬಿಟ್ಟುಬಂದೆ. ಬಿಟ್ಟದ್ದು ಒಳ್ಳೆಯದೇ ಆಯಿತು.

ನನಗೊಂದು ಪಿಕಪ್ ಗಾಡಿ ಇದೆ. ಗಂಡ ಹೋದ ಮೇಲೆ ನಾನೇ ನಿಂತು ಕೊಂಡದ್ದು. ನಸುಕಿನಲ್ಲಿ ನದಿಯಿಂದ ಬಲೆಯಲ್ಲಿ ಎತ್ತಿದ ಮೀನನ್ನು ಮಂಜುಗಡ್ಡೆ ಹಾಕಿದ ಬರ್ಫಿನ ಡಬ್ಬಿಗಳಿಗೆ ತುಂಬಿ ಶಹಾಪುರಕ್ಕೂ ಸುರಪುರಕ್ಕೂ ಮುಟ್ಟಿಸುವುದು ನಮ್ಮ ಕಸುಬು. ಗಾಡಿ ಓಡಿಸುವವನು ಮುದನಾಳದ ಅಂಬ್ರಪ್ಪ, ಆರು ವರ್ಷದಿಂದ ಅವನೇ. ನಾನು ಪಕ್ಕದ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಮಾತಾಡುತ್ತೇನೆ, ಅವನು ದಾರಿಯುದ್ದಕ್ಕೂ ‘ಹೌದ್ರಿ’ ಅನ್ನುತ್ತಾನೆ. ನಮ್ಮಿಬ್ಬರಿಗೂ ಅದು ಸರಿಹೋಗಿತ್ತು.

ಡೀಸೆಲಿನ ವಿಷಯದಲ್ಲಿ ನನ್ನದೊಂದು ಪದ್ಧತಿ. ಪ್ರತಿ ಸೋಮವಾರ ಟಾಕಿಯನ್ನು ಕುತ್ತಿಗೆಯ ತನಕ ತುಂಬಿಸಿ, ಮೀಟರಿನ ಅಂಕಿಯನ್ನು ಬಾಗಿಲಿನ ಒಳಮೈಗೆ ಸುಣ್ಣದ ಕಡ್ಡಿಯಿಂದ ಬರೆಯುತ್ತೇನೆ. ಮುಂದಿನ ಸೋಮವಾರ ಮತ್ತೆ ಕುತ್ತಿಗೆಯ ತನಕ ತುಂಬಿಸಿದರೆ ವಾರದಲ್ಲಿ ಗಾಡಿ ಎಷ್ಟು ಓಡಿತು, ಎಷ್ಟು ಕುಡಿಯಿತು ಎರಡೂ ಗೊತ್ತಾಗುತ್ತವೆ. ಆರು ವರ್ಷ ನಮ್ಮ ಗಾಡಿ ಲೀಟರಿಗೆ ಹದಿನಾಲ್ಕು ಕಿಲೋಮೀಟರ್ ಬಿಟ್ಟು ಅಲುಗಾಡಿರಲಿಲ್ಲ. ದೀಪಾವಳಿ ಕಳೆದ ಮೇಲೆ ಹದಿಮೂರಾಯಿತು. ಆಮೇಲೆ ಹನ್ನೆರಡು. ಸಂಕ್ರಾಂತಿಯ ಹೊತ್ತಿಗೆ ಹತ್ತಕ್ಕೆ ಬಂದು ನಿಂತಿತು.

ಅಂಬ್ರಪ್ಪ ಏರ್ ಫಿಲ್ಟರ್ ಬದಲಾಯಿಸಿದ, ಗಾಲಿಗಳಿಗೆ ಹವಾ ಹಾಕಿಸಿದ. ಏನೂ ಆಗಲಿಲ್ಲ. ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಹುಳ ಹೊಕ್ಕರೆ ಸುಮ್ಮನಿರುವ ಜಾತಿ ನನ್ನದಲ್ಲ. ಆ ಸೋಮವಾರ, ಮೀನು ಆರಿಸುತ್ತ ಕೂತ ಹತ್ತು ಹೆಂಗಸರ ಮುಂದೆ, ನದಿಯ ದಂಡೆಯ ಮೇಲೇ ಕೇಳಿಬಿಟ್ಟೆ.

“ಅಂಬ್ರಪ್ಪಾ, ಡೀಸೆಲ್ ಎಲ್ಲಿಗಿ ಹೋಗಾಕತ್ತಾದ?”

“ಗೊತ್ತಿಲ್ರಿ ಅಕ್ಕಾರ. ಗಾಡಿ ಬಿಗಿ ಹಿಡದಂಗ ಆಗ್ಯಾದ. ಮೊದಲಿನಂಗ ಹಗುರ ಓಡವಲ್ದು.”

“ಗಾಡಿ ಬಿಗಿ ಹಿಡದಾದೋ, ನಿನ್ನ ಕೈ ಸಡ್ಲ ಆಗ್ಯಾದೋ?”

ಹೆಂಗಸರು ಕೈ ನಿಲ್ಲಿಸಿದರು. ಅಂಬ್ರಪ್ಪ ಬರ್ಫಿನ ಡಬ್ಬಿಯನ್ನು ಕೆಳಗಿಟ್ಟು ನನ್ನನ್ನೇ ನೋಡಿದ.

“ನಾ ಕದ್ದಿಲ್ರಿ.”

ಬಲೆ ಹೊಲಿಯುವ ಕಲ್ಯಾಣಮ್ಮ ನಮ್ಮ ಪಕ್ಕದ ಮನೆಯವಳು. ಬೆಂಕಿ ಕಂಡರೆ ಎಣ್ಣೆ ಹಿಡಿದುಕೊಂಡು ಬರುವ ಸ್ವಭಾವ. “ಬಾಯಿಲೆ ಯಾಕ ಕೇಳ್ತಿ ಅಯ್ಯಮ್ಮಾ, ಕೊಡೇಕಲ್ಲಿಗಿ ಕರ್ಕೊಂಡ್ ಹೋಗಿ ಆಣಿ ಮಾಡ್ಸು,” ಅಂದಳು. ನಮ್ಮ ಮನೆತನದಲ್ಲಿ ಅದು ಹಿಂದಿನಿಂದ ಬಂದದ್ದು. ಏನಾದರೂ ಕಳೆದರೆ ಸಂಶಯ ಬಂದವರನ್ನು ಕೊಡೇಕಲ್ ಗುಡಿಗೆ ಕರೆದೊಯ್ಯುವುದು, ಅವರು ಹೊಸ್ತಿಲು ಮುಟ್ಟಿ ‘ನಾನಲ್ಲ’ ಅನ್ನುವುದು, ಅಂದರೆ ಮಾತು ಅಲ್ಲಿಗೆ ಮುಗಿಯುವುದು. ಮತ್ತೆ ಯಾರೂ ತುಟಿ ಬಿಚ್ಚಬಾರದು. ಅಂಬ್ರಪ್ಪ ಹೂಂ ಅನ್ನುತ್ತಾನೆ ಅಂದುಕೊಂಡೆ.

“ಆಣಿ ಮಾಡಂಗಿಲ್ರಿ ಅಕ್ಕಾರ,” ಅಂದ ಅವನು. “ನಾ ಬುದ್ಧನ ದೀಕ್ಷಾ ತಗೊಂಡವ. ಕದಿಯಂಗಿಲ್ಲ, ಸುಳ್ಳ ಹೇಳಂಗಿಲ್ಲ ಅಂತ ದಿನಾ ಮುಂಜಾನಿ ಹೇಳಕೋತೀನಿ. ಕದ್ದಿಲ್ಲ ಅಂತ ಈಗ ಹೇಳೀನಿ. ಹೊಸ್ತಿಲ ಮುಟ್ಟಿ ಮತ್ತೊಮ್ಮಿ ಹೇಳಿದ್ರ, ಈಗ ಹೇಳಿದ್ದು ಸುಳ್ಳ ಅಂದಂಗ ಆಗ್ತಾದ.”

ಈಗ ಆ ಮಾತು ನೆನೆದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ಆಗ ಅನ್ನಿಸಿದ್ದು ಬೇರೆ. ಕದ್ದಿಲ್ಲದವನು ಆಣೆಗೆ ಯಾಕೆ ಹಿಂಜರಿಯಬೇಕು? ಇವನೇ ಕಳ್ಳ ಎಂದು ಗಟ್ಟಿಯಾಯಿತು ನನಗೆ.

“ನಾಳಿ ಮೀನಿನ ಬಲಿ ಎತ್ತಂಗಿಲ್ಲ. ಗಾಡಿ ಕೊಡೇಕಲ್ಲಿಗಿ ತಗಿ,” ಅಂದೆ. “ಹೊಸ್ತಿಲ ಮುಂದ ನಿಂತು ಆಣಿ ಮಾಡು. ಇಲ್ಲಾಂದ್ರ ಅಲ್ಲೇ ಕೀಲಿ ನನ್ನ ಕೈಯಾಗ ಕೊಟ್ಟು ಬಸ್ಸಿಗಿ ಮನಿಗಿ ಹೋಗು.”

ಅದು ಸಣ್ಣ ಮಾತಲ್ಲ ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಡೀಸೆಲ್ ಕಳ್ಳ ಎಂದು ಹೆಸರಾದ ಡ್ರೈವರನ ಕೈಗೆ ಯಾದಗಿರಿಯಿಂದ ಸುರಪುರದವರೆಗೆ ಯಾರೂ ಸ್ಟೇರಿಂಗ್ ಕೊಡುವುದಿಲ್ಲ.

ಮರುದಿನ ಬೆಳಿಗ್ಗೆ ಬಿಸಿಲೇರುವ ಮುನ್ನ ಹೊರಟೆವು, ಖಾಲಿ ಗಾಡಿ. ಜನವರಿಯ ಚಳಿ. ನಾನು ಸೆರಗು ಕಿವಿಗೆ ಸುತ್ತಿಕೊಂಡು ಬಾಯಿ ಬಿಗಿದು ಕೂತಿದ್ದೆ. ನೋಡಬಾರದೆಂದರೂ ಕಣ್ಣು ಅವನ ಬಲಗೈ ಹೆಬ್ಬೆರಳಿನ ಕಡೆಗೇ ಹೋಗುತ್ತಿತ್ತು. ಅದರ ಉಗುರು ಅರ್ಧ ಮಾತ್ರ ಬೆಳೆದಿತ್ತು.

ಆ ಉಗುರಿನ ಕತೆ ಹೇಳಲೇಬೇಕು. ನಮ್ಮ ದಂಡೆ ಇಳಿಜಾರು. ಮೀನು ತುಂಬಲು ಗಾಡಿಯನ್ನು ಹಿಮ್ಮುಖ ಇಳಿಸಿದರೆ ಹಿಂದಿನ ಗಾಲಿಗಳು ನೀರಿಗೆ ತಾಗಿ ನಿಲ್ಲುತ್ತವೆ. ಗಾಡಿ ಜಾರದಂತೆ ಗಾಲಿಯ ಹಿಂದೆ ಒಂದು ಕಲ್ಲು ಒತ್ತುವುದು ನಮ್ಮ ರೂಢಿ. ಹ್ಯಾಂಡ್ ಬ್ರೇಕ್ ಎಂಬುದೊಂದು ಇದೆ, ಆದರೆ ಕೊಂಡ ದಿನದಿಂದಲೂ ಅದು ಸತ್ತಂತೆಯೇ. ಅಂಬ್ರಪ್ಪ ಅದರ ಕಡೆ ಕೈಯನ್ನೇ ಹಾಕುತ್ತಿರಲಿಲ್ಲ. ದೀಪಾವಳಿ ಆದ ವಾರ ಕಲ್ಲು ಪಾಚಿಯ ಮೇಲೆ ಜಾರಿತು. ಗಾಡಿ ಹಿಂದಕ್ಕೆ ಸರಿಯಿತು. ಹಿಂದೆ ನನ್ನ ಮಗಳು ನಂದಿನಿ ಬಗ್ಗಿ ಡಬ್ಬಿ ತೊಳೆಯುತ್ತಿದ್ದಳು. ನಾನು ಚೀರಿದೆ ಅಷ್ಟೆ, ಕಾಲು ಏಳಲಿಲ್ಲ. ಅಂಬ್ರಪ್ಪ ಓಡಿಬಂದು ಬರ್ಫಿನ ಡಬ್ಬಿಯೊಂದನ್ನು ಗಾಲಿಗೆ ಒತ್ತಿ ಹಿಡಿದ. ಡಬ್ಬಿ ಪುಡಿಯಾಯಿತು, ಅವನ ಉಗುರು ಹೋಯಿತು, ನಂದಿನಿ ಉಳಿದಳು.

ಇಷ್ಟೆಲ್ಲ ಗೊತ್ತಿದ್ದೂ ನಾನು ಅವನನ್ನು ಆಣೆಗೆ ಕರೆದೊಯ್ಯುತ್ತಿದ್ದೆ. ಸಿಟ್ಟು ನೆತ್ತಿಗೇರಿದಾಗ ನೆನಪು ಎಲ್ಲಿ ಹೋಗಿ ಕೂರುತ್ತದೋ ಏನೋ.

ಶಹಾಪುರ ಹತ್ತಿರವಾಯಿತು. ಗುಡ್ಡದ ಸಾಲು ಮಲಗಿದ ಬುದ್ಧನಂತೆ ಕಾಣುವ ತಿರುವಿನಲ್ಲಿ ಅಂಬ್ರಪ್ಪ ಎಂದಿನಂತೆ ಗಾಡಿಯನ್ನು ಸ್ವಲ್ಪ ನಿಧಾನ ಮಾಡಿದ. ದಿನಾ ಇಲ್ಲಿ ನಿಧಾನ ಮಾಡಿಯೇ ಡೀಸೆಲ್ ಸುಡುತ್ತಾನೋ ಎಂದು ಅದಕ್ಕೂ ಒಳಗೊಳಗೇ ಸಿಡಿಮಿಡಿಗೊಂಡೆ.

“ಒಂದ್ ಮಾತ್ರಿ ಅಕ್ಕಾರ,” ಅಂದ. “ಖುರ್ಷೀದಬೇಗಂ ಅವರಿಗಿ ಒಮ್ಮಿ ಗಾಡಿ ತೋರಸೋಣ. ಆಮ್ಯಾಲ ಎಲ್ಲಿಗಿ ಅಂತೀರಿ ಅಲ್ಲಿಗಿ.”

“ತೋರ್ಸು. ಅಕಿನೂ ನಿನ್ನ ಕಡಿನೇ ಹೇಳಿದ್ರ ನೋಡ್ತೀನಿ.”

ಖುರ್ಷೀದಬೇಗಂ ಶಹಾಪುರದಲ್ಲಿ ಸುರಪುರದ ರಸ್ತೆಗೆ ಗ್ಯಾರೇಜ್ ಇಟ್ಟವಳು. ಅರವತ್ತು ದಾಟಿದೆ. ಗಂಡ ಮಿಸ್ತ್ರಿ, ಕೊನೆಯ ಎಂಟು ವರ್ಷ ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಎಲ್ಲಿ ಮುಟ್ಟು, ಏನು ಹತ್ತಿತು ಹೇಳು ಎಂದು ಅವನು ಕೇಳುವುದು, ಈಕೆ ಮುಟ್ಟಿ ಹೇಳುವುದು. ಹಾಗೆ ಕಲಿತ ವಿದ್ಯೆ. ಅವನು ಹೋದ ಮೇಲೂ ಅವಳು ಗಾಡಿಯನ್ನು ಕಣ್ಣಿಗಿಂತ ಹೆಚ್ಚು ಕೈಯಿಂದ ನೋಡುತ್ತಾಳೆ.

ನಾನು ಇಳಿದವಳೇ ಶುರು ಮಾಡಿದೆ. ಹದಿನಾಲ್ಕು ಹತ್ತಾಗಿದೆ, ಡೀಸೆಲ್ ಕಳುವಾಗುತ್ತಿದೆ, ಇವನು ಆಣೆ ಮಾಡಲೊಲ್ಲ. ಅವಳು ಬಾಗಿಲಿನ ಸುಣ್ಣದ ಅಂಕಿಗಳನ್ನು ಓದುತ್ತ ನಿಂತಳು.

“ಭೇಷ್. ಹಿಂಗ ಬರದಿಡೋರು ಸಾವಿರದಾಗ ಒಬ್ಬರು,” ಅಂದಳು. “ಈಗ ಜರಾ ಸಬರ್ ಮಾಡವ್ವ. ಬಾಯಿ ನಿನ್ನದು, ಗಾಡಿ ನಂದು.”

ನನಗೆ ಹಾಗೆ ಹೇಳಿದವರು ಇಲ್ಲ. ಬೆಪ್ಪಾಗಿ ಕಲ್ಲಿನ ಮೇಲೆ ಕೂತೆ.

ಮೊದಲು ಗಾಡಿಯ ಕೆಳಗೆ ಹಳೆಯ ಪೇಪರ್ ಹಾಸಿದಳು. ಚಹಾ ಕುಡಿಯುವಷ್ಟು ಹೊತ್ತು ಬಿಟ್ಟು ಎಳೆದು ನೋಡಿದಳು. ಒಂದು ಹನಿ ಇಲ್ಲ. “ಸೋರಿಕಿ ಇಲ್ಲ.” ಇಂಜಿನ್ ಹಚ್ಚಿಸಿ ಹೊಗೆಯ ಕೊಳವೆಗೆ ಬಿಳಿ ಅರಿವೆ ಹಿಡಿದಳು. ಅರಿವೆ ಮಸಿಯಾಗಲಿಲ್ಲ. “ಇಂಜಿನ್ ಹೊಟ್ಟಿಬಾಕ ಆಗಿಲ್ಲ. ತಿಂದದ್ದು ಅರಗಸಾಕತ್ತಾದ.” ಹವಾ ನೋಡಿದಳು, ಫಿಲ್ಟರ್ ಬಿಚ್ಚಿ ನೋಡಿದಳು. ಎರಡೂ ನೆಟ್ಟಗಿದ್ದವು.

“ಅಂದ್ರ ಕದ್ದಾನ ಅಂತ ಆತಲ್ಲ,” ಅಂದೆ, ತಡೆಯಲಾರದೆ.

ಅವಳು ನನ್ನನ್ನು ಎಬ್ಬಿಸಿ ಗಾಡಿಯ ಹಿಂದೆ ನಿಲ್ಲಿಸಿದಳು. “ಅಂಗಳ ಮಟ್ಟಸ ಅದ. ಗೇರ್ ತಗದೀನಿ. ಖಾಲಿ ಗಾಡಿ, ನಿನ್ನಂಥಾಕಿ ಒಬ್ಬಾಕಿ ನೂಕಿದ್ರ ಹೋಗಬೇಕು. ನೂಕು.”

ನಾನು ಮಣಭಾರದ ಡಬ್ಬಿ ಎತ್ತುವವಳು. ನೂಕಿದೆ. ಗಾಡಿ ಮಿಸುಕಲಿಲ್ಲ. ಅಂಬ್ರಪ್ಪನೂ ಬಂದು ಹೆಗಲು ಕೊಟ್ಟ. ನರಳಿಕೊಂಡು ಒಂದು ಮೊಳ ಸರಿದು ಮತ್ತೆ ನಿಂತಿತು.

“ನೋಡಿದ್ಯಾ?” ಅಂದಳು ಖುರ್ಷೀದಬೇಗಂ. “ಕದ್ದ ಡೀಸೆಲ್ ಗಾಡೀನ ಹಿಂದಿಂದ ಹಿಡಕೊಂಡು ನಿಲ್ಲಂಗಿಲ್ಲವ್ವ. ಇದನ್ನ ಯಾರೋ ಹಿಡಕೊಂಡಾರ.”

ಆ ಮಾತು ಕೇಳಿ ನನ್ನ ಕಿವಿ ಬಿಸಿಯಾಯಿತು. ಗಾಡಿ ಬಿಗಿ ಹಿಡಿದಿದೆ ಎಂದು ಅಂಬ್ರಪ್ಪ ಮೊದಲೇ ಹೇಳಿದ್ದನಲ್ಲ.

ಅವಳು ಒಂದೊಂದೇ ಗಾಲಿಯ ನಡುವಿಗೆ ಅಂಗೈ ಇಡುತ್ತ ಬಂದಳು. ಮುಂದಿನ ಎರಡು, “ಬೆಚ್ಚಗ.” ಬಲಗಡೆ ಹಿಂದಿನದು, “ಇದೂ ಬೆಚ್ಚಗ.” ಎಡಗಡೆ ಹಿಂದಿನದರ ಹತ್ತಿರ ಕೈ ಒಯ್ದವಳು ಮುಟ್ಟುವ ಮೊದಲೇ ಹಿಂದಕ್ಕೆ ಎಳೆದುಕೊಂಡಳು. “ತೌಬಾ!” ಲೋಟದಲ್ಲಿದ್ದ ನೀರನ್ನು ಅದರ ಮೇಲೆ ಚಿಮುಕಿಸಿದಳು. ನೀರು ಚುಯ್ ಅಂದು ಹಾರಿಹೋಯಿತು.

ನಮ್ಮ ದಂಡೆಯ ಕರಿನಾಯಿ ನೆನಪಾಯಿತು ನನಗೆ. ಚಳಿ ಬಿದ್ದಾಗಿನಿಂದ ಗಾಡಿ ಸುರಪುರದಿಂದ ವಾಪಸು ಬಂದ ಕೂಡಲೇ ಅದು ಓಡಿಬಂದು ಈ ಎಡಗಡೆ ಹಿಂದಿನ ಗಾಲಿಗೇ ಬೆನ್ನು ಹಚ್ಚಿ ಮಲಗುತ್ತಿತ್ತು. ಮೀನಿನ ವಾಸನೆಗೆ ಬಂದಿದೆ ಎಂದು ನಾನು ಎಷ್ಟು ಸಲ ಓಡಿಸಿಲ್ಲ ಅದನ್ನು! ನಾಯಿಗೆ ಗೊತ್ತಾದದ್ದು ನನಗೆ ಗೊತ್ತಾಗಲಿಲ್ಲ.

ಗಾಲಿ ಬಿಚ್ಚಿದರು. ಒಳಗಿನ ಗ್ರೀಸ್ ಕರಗಿ ಎಣ್ಣೆಯಾಗಿತ್ತು. ಖುರ್ಷೀದಬೇಗಂ ಅದನ್ನು ಬೆರಳಲ್ಲಿ ತಿಕ್ಕಿ ನೋಡಿ ಮುಖ ಗಂಟಿಕ್ಕಿದಳು. “ಇನ್ನ ಎಂಟ್ ದಿನ ಹಿಂಗ ಓಡಿದ್ರ ಬೇರಿಂಗ್ ಸುಟ್ಟು ಗಾಲಿನೇ ಕಳಚತಿತ್ತು. ಯಾವಾಗಿಂದ ಹಿಂಗ?”

“ನನ್ನ ಉಗುರು ಹೋತಲ್ರಿ,” ಅಂಬ್ರಪ್ಪ ಹೆಬ್ಬೆರಳು ತೋರಿಸಿದ, “ಅದರ ಆಸುಪಾಸು.”

ಅವಳು ಗೋಣಿ ಹಾಸಿಕೊಂಡು ಗಾಡಿಯ ಅಡಿಗೆ ಸರಿದಳು. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ದನಿ ಬಂತು. “ಹ್ಯಾಂಡ್ ಬ್ರೇಕಿನ ನಟ್ಟು ಯಾರ್ ತಿರುವ್ಯಾರ? ಎಲ್ಲಾ ತುಕ್ಕು ಹಿಡದಾದ, ಇಲ್ಲಿ ಎರಡ್ ಬೆರಳಿನಷ್ಟು ಹೊಸ ಹೊಳಪು. ಪೂರಾ ಬಿಗದಾರ. ಎಡಗಡಿ ಕೇಬಲ್ ನೀರಿಗಿ ತುಕ್ಕ ತಿಂದು ಒಳಗ ಹಿಡಕೊಂಡಾದ. ಎಳದದ್ದು ವಾಪಸ್ ಬರವಲ್ದು. ಮೂರ್ ತಿಂಗಳಿಂದ ನೀವು ಬ್ರೇಕ್ ಹಾಕ್ಕೊಂಡೇ ಗಾಡಿ ಓಡಿಸೀರಿ.”

“ನಾ ಅದನ್ನ ಮುಟ್ಟೇ ಇಲ್ರಿ,” ಅಂದ ಅಂಬ್ರಪ್ಪ. “ಅದು ಸತ್ತದ್ದಲ್ಲೇನ್ರಿ?”

ಇಲ್ಲಿಯತನಕ ನಿಮ್ಮಿಂದ ಒಂದು ಮಾತು ಮುಚ್ಚಿಟ್ಟಿದ್ದೆ. ನನ್ನಿಂದಲೂ ಮುಚ್ಚಿಟ್ಟುಕೊಂಡಿದ್ದೆ ಅಂದರೂ ಸರಿಯೇ. ನಂದಿನಿ ಉಳಿದ ಮರುದಿನ, ಅಂಬ್ರಪ್ಪ ಬೆರಳಿಗೆ ಪಟ್ಟಿ ಕಟ್ಟಿಸಲು ಹೋದಾಗ, ನಾನು ದಾರಿಯಲ್ಲಿ ಸಿಕ್ಕ ಒಬ್ಬ ವೆಲ್ಡಿಂಗಿನವನನ್ನು ಹಿಡಿದು ಆ ಸತ್ತ ಬ್ರೇಕನ್ನು ಬಿಗಿ ಮಾಡಿಸಿದೆ. ಎಷ್ಟು ತಿರುಗುತ್ತದೋ ಅಷ್ಟೂ ತಿರುವು ಅಂದೆ. ಅಂದಿನಿಂದ ದಿನಾ, ಅಂಬ್ರಪ್ಪ ಕೆಳಗಿಳಿದು ಕಲ್ಲು ಒತ್ತುವಾಗ ನಾನು ಸೀಟಿನಲ್ಲಿ ಕೂತೇ ಸದ್ದಿಲ್ಲದೆ ಆ ಹಿಡಿಯನ್ನು ಎಳೆಯುವುದು, ಅವನು ಹತ್ತುವ ಮೊದಲು ಇಳಿಸುವುದು. ಹೇಳಿದರೆ ಅವನ ಕಲ್ಲಿನ ಮೇಲೆ ನನಗೆ ನಂಬಿಕೆಯಿಲ್ಲ ಅಂದಂತಾಗುತ್ತಿತ್ತು. ಅವನ ಮನಸ್ಸು ನೋಯಬಾರದು ಎಂದು ಹೇಳಲಿಲ್ಲ. ನೋಡಿ ನನ್ನ ಜಾಣತನ.

ಆ ಕ್ಷಣ ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು. ಯಾರೋ ಮಿಸ್ತ್ರಿ ಮಾಡಿದ್ದಾನೆ ಎಂದು ಬಿಟ್ಟುಬಿಡುತ್ತಿದ್ದರು. ಬಾಯಿ ಸುಮಾರಿನದಲ್ಲದ ನನಗೆ ಅವತ್ತು ಎರಡಕ್ಷರ ಹೊರಡಿಸುವುದೇ ಮಣಭಾರವಾಯಿತು. ಅಂಬ್ರಪ್ಪನ ಹೆಬ್ಬೆರಳು ಕಣ್ಣ ಮುಂದೆಯೇ ಇತ್ತು.

“ನಾನೇ,” ಅಂದೆ. “ನಾನೇ ಬಿಗಿ ಮಾಡ್ಸೀನಿ. ದಿನಾ ನಾನೇ ಎಳೀತಿದ್ದೆ.”

ಖುರ್ಷೀದಬೇಗಂ ಗಾಡಿಯ ಅಡಿಯಿಂದ ತಲೆ ಹೊರಗೆ ಹಾಕಿದಳು. ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಅಂಬ್ರಪ್ಪನನ್ನು. “ಹಂಗಾದ್ರ ಕೊಡೇಕಲ್ಲಿನಾಗ ಆಣಿ ಯಾರ್ ಮಾಡಬೇಕವ್ವ ಈಗ?” ಅಂದು ಮತ್ತೆ ಅಡಿಗೆ ಸರಿದಳು. ನಾನು ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಅಳುವುದು ನನಗೆ ಒಗ್ಗುವುದಿಲ್ಲ, ಆದರೂ ಅತ್ತೆ.

ಹೊಸ ಕೇಬಲ್ ಹಾಕಿ, ನಟ್ಟು ಸಡಿಲಿಸಿ, ಗ್ರೀಸ್ ತುಂಬಿದಳು. “ಹ್ಯಾಂಡ್ ಬ್ರೇಕ್ ಈಗ ಜೀವಂತ ಅದ. ಹಾಕಬೇಕಾದ್ರ ಹೇಳಿ ಹಾಕ್ರಿ,” ಅಂದಳು. ಮತ್ತೆ ನೂಕು ಎಂದು ನನ್ನನ್ನೇ ಕರೆದಳು. ಒಂದೇ ಕೈ ಹಚ್ಚಿದೆ. ಗಾಡಿ ಹೊರಟೇಬಿಟ್ಟಿತು! ಅಂಗಳ ದಾಟಿ ರಸ್ತೆಯ ಕಡೆಗೆ ಹೋಗುತ್ತಿದ್ದಂತೆ ಅಂಬ್ರಪ್ಪ ಓಡಿಹೋಗಿ ಗಾಲಿಯ ಮುಂದೆ ಕಲ್ಲು ಒತ್ತಿದ. ಮೂವರಿಗೂ ನಗು ಬಂತು. ಖುರ್ಷೀದಬೇಗಂಳ ಎರಡೂ ಕೈ ಹಿಡಿದುಕೊಂಡೆ. ಆ ಕೈಗಳು ನನ್ನ ಗಾಡಿಯನ್ನಷ್ಟೇ ಉಳಿಸಿರಲಿಲ್ಲ. ಏನು ಹೇಳಬೇಕೋ ತೋಚದೆ, “ಭೀಮಾ ನದಿಯಾಗ ಛಲೋ ಮೀನ ಬಿದ್ದಾಗೆಲ್ಲಾ ಮೊದಲಿಂದು ನಿಂದು,” ಅಂದೆ. “ತಲಿ ಸೈತ ಕಳಸು,” ಅಂದಳು ಅವಳು.

ಗಾಡಿ ಹತ್ತಿ, “ಯಾದಗಿರಿಗಿ ತಿರಗ್ಸು,” ಅಂದೆ.

“ಯಾಕ್ರಿ? ಕೊಡೇಕಲ್ಲಿಗಿ ಬರ್ತೀನಿ ಅಂತ ದೇವರಿಗಿ ಹೇಳೀರಿ. ನಡ್ರಿ, ಹೋಗೇ ಬರೋಣ. ಟಾಕಿ ತುಂಬಿಸ್ಕೊಂಡ್ ಹೋದ್ರ ಎಷ್ಟ್ ಕೊಡ್ತಾದ ಅನ್ನೂದೂ ತಿಳೀತಾದ.”

ಶಹಾಪುರದಲ್ಲೇ ಟಾಕಿ ತುಂಬಿಸಿಕೊಂಡು ಹೊರಟೆವು. ಸುರಪುರ ದಾಟಿದ ಮೇಲೆ ಕೇಳಿದೆ. “ಅಂಬ್ರಪ್ಪಾ, ಹತ್ತ್ ಮಂದಿ ಮುಂದ ಹಂಗಂದೆ. ಅವತ್ತೇ ಕೀಲಿ ಒಗದು ಯಾಕ ಹೋಗಲಿಲ್ಲ?”

“ಹೋಗಿದ್ರ ಕಳ್ಳ ಅನ್ನೂದು ಖಾಯಂ ಆಗತಿತ್ರಿ,” ಅಂದ. ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ. “ನಿನ್ನಿ ಸಂಜಿಮುಂದ ರೊಟ್ಟಿ ಗಂಟಲಾಗ ಇಳೀಲಿಲ್ಲ, ಅಷ್ಟ. ಇವತ್ತ್ ಉಣ್ತೀನಿ.”

“ತಪ್ಪಾತೋ ತಮ್ಮಾ. ನನ್ನ ಮಗಳನ್ನ ಉಳಿಸಿದ ಕೈಗಿ ಕಳ್ಳಗೈ ಅಂದೆ. ನನ್ನ ನಾಲಿಗಿಗಿ ಬೆಂಕಿ ಬೀಳ್ಲಿ.”

“ಹೌದ್ರಿ,” ಅಂದ ಅವನು. ಆಮೇಲೆ ನಾಲಿಗೆ ಕಚ್ಚಿಕೊಂಡು, “ಅಲ್ರಿ, ಬೆಂಕಿ ಬ್ಯಾಡ್ರಿ,” ಅಂದ. ನಾನು ಕಣ್ಣೀರು ಒರೆಸಿಕೊಳ್ಳುತ್ತಲೇ ನಕ್ಕೆ.

ಕೊಡೇಕಲ್ಲಿನಲ್ಲಿ ಅವನು ಹೊರಗೆ ಬೇವಿನ ಮರದ ಕೆಳಗೆ ಚಹಾ ಹಿಡಿದು ಕೂತ. ನಾನೊಬ್ಬಳೇ ಒಳಗೆ ಹೋದೆ. ಬಂದು ಯಾದಗಿರಿ ಸೇರುವ ಮೊದಲು ಮತ್ತೆ ಟಾಕಿಯನ್ನು ಕುತ್ತಿಗೆಯ ತನಕ ತುಂಬಿಸಿ ಅಂಕಿ ಹಾಕಿದೆವು. ಹದಿನಾಲ್ಕು, ಮೇಲೊಂದಿಷ್ಟು. ಅವನು ಸುಣ್ಣದ ಕಡ್ಡಿಯನ್ನು ನನ್ನ ಕೈಗೆ ಕೊಟ್ಟ. “ನೀನೇ ಬರಿ,” ಅಂದೆ. ಆರು ವರ್ಷದಲ್ಲಿ ಆ ಬಾಗಿಲ ಮೇಲೆ ಅವನ ಅಕ್ಷರ ಬಿದ್ದದ್ದು ಅದೇ ಮೊದಲು.

ಮರುದಿನ ನಸುಕಿನಲ್ಲಿ ಗಾಡಿ ದಂಡೆಗೆ ಇಳಿಯಿತು. ಅದೇ ಹತ್ತು ಹೆಂಗಸರು, ಅದೇ ಬುಟ್ಟಿಗಳು. ಎಲ್ಲರ ಕಣ್ಣೂ ಡ್ರೈವರ್ ಸೀಟಿನ ಮೇಲೆ. ಅಂಬ್ರಪ್ಪನೇ ಇಳಿದದ್ದನ್ನು ನೋಡಿ ಕಲ್ಯಾಣಮ್ಮ ಬಲೆ ಕೆಳಗಿಟ್ಟಳು.

“ಏನ್ ಅಯ್ಯಮ್ಮಾ, ಆಣಿ ಆತೇನು?”

“ಆತು,” ಅಂದೆ ಕೆಳಗಿಳಿದು, ನದಿಯ ಆಚೆ ದಂಡೆಗೂ ಕೇಳುವಂತೆ. “ಅವ ಮಾಡಿಲ್ಲ, ನಾ ಮಾಡೀನಿ. ಡೀಸೆಲ್ ತಿಂದದ್ದು ನಾ ಬಿಗಿ ಮಾಡಿಸಿದ ಬ್ರೇಕು. ಅಂಬ್ರಪ್ಪ ಒಂದ್ ಹನಿ ಮುಟ್ಟಿಲ್ಲ. ಇನ್ನ ಮ್ಯಾಲ ಅವನ ಮಾತಿಗಿ ಆಣಿ ಕೇಳಂಗಿಲ್ಲ ಅಂತ ಹೊಸ್ತಿಲ ಮುಟ್ಟಿ ಬಂದೀನಿ. ಹತ್ತ್ ಮಂದಿ ಮುಂದ ಅಂದಿದ್ದೆ, ಹತ್ತ್ ಮಂದಿ ಮುಂದನೇ ಹೇಳಾಕತ್ತೀನಿ. ಕೇಳಿದ್ರಿಲ್ಲ ಎಲ್ಲಾರೂ?”

ಹೆಂಗಸರು ಮತ್ತೆ ಬುಟ್ಟಿಗಳಿಗೆ ಕೈ ಹಾಕಿದರು. ನಂದಿನಿ ಮಾತ್ರ ಡಬ್ಬಿ ತೊಳೆಯುವುದನ್ನು ಬಿಟ್ಟು ಬಂದು ನನ್ನ ಪಕ್ಕದಲ್ಲಿ ನಿಂತಳು. ಅಂಬ್ರಪ್ಪ ತಲೆ ತಗ್ಗಿಸಿ ಗಾಲಿಯ ಹಿಂದೆ ಕಲ್ಲು ಒತ್ತುತ್ತಿದ್ದ. ಒತ್ತಿ ಮುಗಿಸಿ ಎದ್ದುನಿಂತು, ಕಿಟಕಿಯೊಳಗೆ ಬಗ್ಗಿ ನನ್ನ ಸೀಟಿನ ಪಕ್ಕದ ಹಿಡಿಯನ್ನು ನೋಡಿದ.

“ಅಕ್ಕಾರ,” ಅಂದ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, “ಹ್ಯಾಂಡ್ ಬ್ರೇಕೂ ಹಾಕ್ರಿ. ಆ ಕಲ್ಲಿನ ಮ್ಯಾಲ ನನಗೂ ಅಷ್ಟ್ ನಂಬಿಗಿ ಇಲ್ಲ.”

ನಾನು ಬಾಗಿಲು ತೆಗೆದು ಒಳಗೆ ಬಗ್ಗಿ, ಎಲ್ಲರ ಮುಂದೆ ಹಿಡಿಯನ್ನು ಎಳೆದೆ. ಆ ಹೊತ್ತಿಗೆ ಕರಿನಾಯಿ ಓಡಿಬಂದು ಎಡಗಡೆ ಹಿಂದಿನ ಗಾಲಿಗೆ ಬೆನ್ನು ಹಚ್ಚಿತು. ಗಾಲಿ ತಣ್ಣಗಿತ್ತು. ಅದು ಎದ್ದು ಇನ್ನೊಮ್ಮೆ ಮೂಸಿ ನೋಡಿ, ನನ್ನ ಮುಖವನ್ನು ನೋಡಿತು. ನಾನು ಸೀಟಿನ ಮೇಲಿದ್ದ ನನ್ನ ಕಂಬಳಿಯನ್ನು ತೆಗೆದು ಅದಕ್ಕೆ ಹಾಸಿದೆ.